ಹ್ಯಾಸ್ಕೆಲ್: ಫೋಲ್ಡ್‌ಎಲ್‌ಗೆ ಪ್ರೈಮ್ ಹಾಕಿದರೂ ಮೆಮೊರಿ ತುಂಬುತ್ತಿದೆ, ಎಂತ ಮಾಡುವುದು?

ಕೊಟ್ಟಾರದ ಎಂಸಿಎ:
ಮಂಗಳೂರಿನಲ್ಲಿ ಎಂಸಿಎ ಓದುತ್ತಿದ್ದೇನೆ. ಈ ಸೆಮಿಸ್ಟರ್‌ಗೆ ಹ್ಯಾಸ್ಕೆಲ್ ಭಾಷೆಯಲ್ಲಿ ಫಂಕ್ಷನಲ್ ಪ್ರೋಗ್ರಾಮಿಂಗ್ ಉಂಟು. ಇಷ್ಟು ದಿನ ಬರೀ ಜಾವಾ. ಅಲ್ಲಿ ಒಂದು ಫಾರ್ ಲೂಪ್‌ಗೆ ಮುಗಿಯುವ ಕೆಲಸ ಇಲ್ಲಿ ಲ್ಯಾಪ್‌ಟಾಪನ್ನೇ ಮಲಗಿಸುತ್ತಿದೆ.

ಕೆಲಸ ಇಷ್ಟೆ: 1ರಿಂದ 1 ಕೋಟಿವರೆಗಿನ ಸಂಖ್ಯೆಗಳ ಸರಾಸರಿ. ಮೊದಲು ಪಟ್ಟಿಯ ಸಮ್ (ಮೊತ್ತ) ಅನ್ನು ಲೆಂತ್‌ನಿಂದ (ಎಣಿಕೆ) ಭಾಗಿಸಿದೆ. ಇದ್ದ 4 ಜಿಬಿ ರ‍್ಯಾಮ್ ಸುಸ್ತಾಯಿತು. ಒಂದೇ ಸುತ್ತಿನಲ್ಲಿ ಮುಗಿಸೋಣ ಅಂತ ಮೊತ್ತ, ಎಣಿಕೆ ಎರಡನ್ನೂ ಟಪಲ್‌ನಲ್ಲಿ (ಜೋಡಿಯಾಗಿ) ಇಟ್ಟು ಫೋಲ್ಡ್‌ಎಲ್ (ಪಟ್ಟಿಯನ್ನು ಒಂದೊಂದಾಗಿ ಸೇರಿಸಿಕೊಂಡು ಹೋಗುವ ಫಂಕ್ಷನ್) ಬರೆದೆ. ಅದೇ ಕತೆ. ಅದು ಲೇಜಿ (ಬೇಕಾದಾಗ ಮಾತ್ರ ಲೆಕ್ಕ ಮಾಡುವುದು), ಹೆಸರಿನ ಕೊನೆಗೆ ಪ್ರೈಮ್ (') ಗುರುತು ಇರುವುದನ್ನು ಬಳಸು ಅಂತ ಸೀನಿಯರ್ ಹೇಳಿದರು. ಬಳಸಿದೆ. ಮೆಮೊರಿ ಏರುತ್ತಲೇ ಇದೆ. ಸೋಮವಾರ ಲ್ಯಾಬ್.

ಮಣಿಪಾಲದ ಲ್ಯಾಂಬ್ಡಾ:
ಸೀನಿಯರ್ ಹೇಳಿದ್ದು ಸರಿ ಮಾರಾಯ್ರೆ, ಆದರೆ ಅರ್ಧ.

ಮೊದಲನೆಯದರಲ್ಲಿ, ಸಮ್ ಮುಗಿದ ಮೇಲೂ ಲೆಂತ್‌ಗೆ ಅದೇ ಪಟ್ಟಿ ಬೇಕು. ಹಾಗಾಗಿ ಕೋಟಿ ಸಂಖ್ಯೆಯೂ ಮೆಮೊರಿಯಲ್ಲೇ ಕೂರುತ್ತದೆ.

ಟಪಲ್‌ನದ್ದು ಬೇರೆ. ಧಕ್ಕೆಯಲ್ಲಿ (ಮೀನಿನ ದೋಣಿ ಬರುವ ಬಂದರು ಕಟ್ಟೆ) ಮೀನಿನ ಲೆಕ್ಕ ಬರೆಯುವವನೊಬ್ಬ ಇದ್ದಾನೆ ಅಂದುಕೊಳ್ಳಿ, ಸ್ವಲ್ಪ ಸೋಮಾರಿ. ಬುಟ್ಟಿ ಬಂದಾಗ ಕೂಡಿಸುವುದಿಲ್ಲ, ಚೀಟಿ ಬರೆದು ಡ್ರಾಯರ್‌ಗೆ ಹಾಕುತ್ತಾನೆ. ಯಾರಾದರೂ ಮೊತ್ತ ಕೇಳಿದರೆ ಮಾತ್ರ ಕೂಡಿಸುವುದು. ಆ ಚೀಟಿಯೇ ಥಂಕ್. ಪ್ರೈಮ್ ಎಂದರೆ ಪ್ರತಿ ಬುಟ್ಟಿಗೂ ಬಂದು ಲೆಕ್ಕ ಕೇಳುವ ಧಣಿ. ಕೇಳಿದ್ದು ಒಂದೇ ಸಂಖ್ಯೆಯಾದರೆ ಕೂಡಿಸಲೇಬೇಕು. ಟಪಲ್ ಆದರೆ ಧಣಿ ಎರಡು ಡ್ರಾಯರ್ ಉಂಟಾ ಅಂತ ನೋಡಿ ಹೋಗಿಬಿಡುತ್ತಾನೆ. ಒಳಗಿನ ಚೀಟಿ ಮುಟ್ಟುವುದಿಲ್ಲ. ಇದಕ್ಕೆ ವೀಕ್ ಹೆಡ್ ನಾರ್ಮಲ್ ಫಾರ್ಮ್ ಅಂತ ಹೆಸರು. ಹೆಸರು ನೋಡಿ ಹೆದರಬೇಡಿ, ಹೊರಗಿನ ಕನ್‌ಸ್ಟ್ರಕ್ಟರ್ (ಇಲ್ಲಿ ಟಪಲ್‌ನ ಚೌಕಟ್ಟು) ಸಿಕ್ಕಿದರೆ ಸಾಕು ಅಂತ ಅಷ್ಟೆ.

ಫೋಲ್ಡ್‌ಗೆ ಕೊಟ್ಟ ಲ್ಯಾಂಬ್ಡಾದಲ್ಲಿ (ಹೆಸರಿಲ್ಲದ ಫಂಕ್ಷನ್) ಟಪಲ್ ಬಿಡಿಸುವಲ್ಲಿ ಎರಡೂ ಹೆಸರಿಗೆ ಮೊದಲು ಆಶ್ಚರ್ಯ ಚಿಹ್ನೆ ಹಾಕಿ. ಅದೇ ಬ್ಯಾಂಗ್ ಪ್ಯಾಟರ್ನ್, ಒಳಗಿನ ಚೀಟಿಯನ್ನೂ ಆಗಲೇ ಕೂಡಿಸುತ್ತದೆ. ಜಿಎಚ್‌ಸಿ (ಹ್ಯಾಸ್ಕೆಲ್ ಕಂಪೈಲರ್) 9.2ಕ್ಕಿಂತ ಹಳೆಯದಾದರೆ ಫೈಲಿನ ತಲೆಯಲ್ಲಿ ಆ ಎಕ್ಸ್‌ಟೆನ್ಶನ್ ಆನ್ ಮಾಡಬೇಕು.

ಕೊಟ್ಟಾರದ ಎಂಸಿಎ:
ಹಾಕಿದೆ ಸರ್. ತುಂಬಾ ಇಳಿಯಿತು. ಆದರೆ ಜಿಎಚ್‌ಸಿಐನಲ್ಲಿ (ಒಂದೊಂದೇ ಸಾಲು ಟೈಪ್ ಮಾಡಿ ಓಡಿಸುವ ಪ್ರಾಂಪ್ಟ್) ಲೆಕ್ಕ ಮುಗಿದ ಮೇಲೂ ನೂರಾರು ಎಂಬಿ ಹಾಗೇ ನಿಂತಿದೆ.

ಸುರತ್ಕಲ್ ಕಂಪೈಲರ್:
ನಡುವೆ ಬಾಯಿ ಹಾಕುತ್ತೇನೆ. ಪ್ರಾಂಪ್ಟ್‌ನಲ್ಲಿ ಪಟ್ಟಿಗೆ ಡಬಲ್ ಅಂತ ಟೈಪ್ ಕೊಟ್ಟು ಲೆಟ್‌ನಿಂದ ಹೆಸರಿಟ್ಟಿದ್ದೀರಾ? ಆ ಹೆಸರು ಇರುವಷ್ಟು ಹೊತ್ತು ಗಾರ್ಬೇಜ್ ಕಲೆಕ್ಟರ್ (ಬೇಡದ ಮೆಮೊರಿ ಖಾಲಿ ಮಾಡುವುದು) ಪಟ್ಟಿಯನ್ನು ಬಿಡುವುದಿಲ್ಲ. ಫೈಲಿಗೆ ಬರೆದು ಕಂಪೈಲ್ ಮಾಡಿ. ಪ್ಲಸ್ ಆರ್‌ಟಿಎಸ್ ಮೈನಸ್ ಎಸ್ (+RTS -s, ಮೆಮೊರಿ ಲೆಕ್ಕ ತೋರಿಸುವ ಆಯ್ಕೆ) ಕೊಟ್ಟು ಓಡಿಸಿ, ಮ್ಯಾಕ್ಸಿಮಮ್ ರೆಸಿಡೆನ್ಸಿ (ನಿಜಕ್ಕೂ ಬಳಕೆಯಲ್ಲಿದ್ದ ಗರಿಷ್ಠ ಮೆಮೊರಿ) ಸಾಲು ನೋಡಿ. ಸುಮ್ನೆ ಟಾಸ್ಕ್ ಮ್ಯಾನೇಜರ್ ನೋಡಿ ತಲೆ ಕೆಡಿಸಿಕೊಳ್ಳಬೇಡಿ.

ಮತ್ತೊಂದು. ಕಂಪೈಲ್ ಮಾಡುವಾಗ ಮೈನಸ್ ಓ (-O, ಆಪ್ಟಿಮೈಸ್ ಮಾಡು ಅಂತ) ಹಾಕಿದರೆ ಪ್ರೈಮ್ ಇಲ್ಲದ ಫೋಲ್ಡ್‌ಎಲ್ ಕೂಡ ಕೆಲವೊಮ್ಮೆ ಚೆನ್ನಾಗಿ ಓಡುತ್ತದೆ, ಕಂಪೈಲರೇ ನೋಡಿ ಸರಿ ಮಾಡಿರುತ್ತದೆ. ಅದನ್ನು ನಂಬಿ ಲ್ಯಾಬ್‌ಗೆ ಹೋಗಬೇಡಿ. ಜಿಎಚ್‌ಸಿಐ ಮಾಮೂಲಾಗಿ ಆಪ್ಟಿಮೈಸ್ ಮಾಡುವುದಿಲ್ಲ.

ಕೊಟ್ಟಾರದ ಎಂಸಿಎ:
ಲೆಟ್ ಮಾಡಿದ್ದೆ, ಹೌದು! ಕಂಪೈಲ್ ಮಾಡಿದರೆ ಕೆಲವೇ ಎಂಬಿ. ಉತ್ತರ 5000000.5. ಇಬ್ಬರಿಗೂ ಥ್ಯಾಂಕ್ಸ್. ಪ್ರೈಮ್ ಇರುವ ಫೋಲ್ಡ್‌ಎಲ್‌ಗಾಗಿ ಹಾಕಿದ್ದ ಡೇಟಾ ಡಾಟ್ ಲಿಸ್ಟ್ ಇಂಪೋರ್ಟ್ ತೆಗೆದರೂ ನಡೆಯುತ್ತದಲ್ವಾ? ನನ್ನ ಲ್ಯಾಪ್‌ಟಾಪ್‌ನಲ್ಲಿ ಎರರ್ ಬರಲಿಲ್ಲ.

ಮಣಿಪಾಲದ ಲ್ಯಾಂಬ್ಡಾ:
ಹಾಗಾದರೆ ನಿಮ್ಮದು 9.10 ಅಥವಾ ಆಮೇಲಿನದು. ಅಲ್ಲಿಂದ ಅದು ಪ್ರಿಲ್ಯೂಡ್‌ನಲ್ಲೇ (ತಾನಾಗಿಯೇ ಇಂಪೋರ್ಟ್ ಆಗುವ ಲೈಬ್ರರಿ) ಉಂಟು. ಲ್ಯಾಬ್‌ನಲ್ಲಿ ಯಾವ ಕಾಲದ್ದು ಹಾಕಿದ್ದಾರೋ! ಇಂಪೋರ್ಟ್ ಇರಲಿ.