ನೆಲೆಯಿಲ್ಲದ ಮಕ್ಕಳ ತರಗತಿ: ಹೊಸ ಶಿಕ್ಷಕರ ಪ್ರಶ್ನೆಗಳು

ನಿರ್ವಾಹಕರು: ಮನೆಯಿಲ್ಲದ ಮಕ್ಕಳನ್ನು ಶಾಲೆಗೆ ಸಿದ್ಧಗೊಳಿಸುವ ಸೇತುಬಂಧ ತರಗತಿಗಳಲ್ಲಿ 22 ವರ್ಷ ಕಲಿಸಿ, ಈಗ ಹೊಸ ಶಿಕ್ಷಕರಿಗೆ ತರಬೇತಿ ನೀಡುತ್ತಿರುವ ಹಿರಿಯ ಶಿಕ್ಷಕಿಯೊಬ್ಬರು ಇಂದು ಉತ್ತರಿಸಲು ಒಪ್ಪಿದ್ದಾರೆ. ಮಗುವಿನ ಹೆಸರನ್ನಾಗಲಿ ಚಿತ್ರವನ್ನಾಗಲಿ ಯಾರೂ ಹಾಕಬಾರದು. ಫಾರ್ವರ್ಡ್ ಸಂದೇಶಗಳಿಗೂ ಇಲ್ಲಿ ಜಾಗವಿಲ್ಲ.

ಗಣಿತ ಶಿಕ್ಷಕ: ನಮಸ್ಕಾರ ಮೇಡಂ. ನನ್ನ ತರಗತಿಗೆ ಬರುವ 12 ವರ್ಷದ ಹುಡುಗನೊಬ್ಬ ಬೀದಿಯಲ್ಲಿ ಸಾಮಾನು ಮಾರುತ್ತಾನೆ. ಚಿಲ್ಲರೆಯ ಲೆಕ್ಕದಲ್ಲಿ ಅವನು ತಪ್ಪುವುದೇ ಇಲ್ಲ, ಆದರೆ ಅದೇ ಲೆಕ್ಕವನ್ನು ಹಲಗೆಯ ಮೇಲೆ ಬರೆದರೆ ಕೈಕಟ್ಟಿ ಕುಳಿತುಬಿಡುತ್ತಾನೆ. ಅವನನ್ನು ಆರು ವರ್ಷದ ಮಕ್ಕಳ ಜೊತೆ ಕೂರಿಸುವುದೇ ಸರಿಯೆ?

ಹಿರಿಯ ಶಿಕ್ಷಕಿ: ಕೂರಿಸಬೇಡಿ. ಮರುದಿನದಿಂದ ಅವನು ಬರುವುದಿಲ್ಲ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುತ್ತಿದ್ದ ಮಕ್ಕಳ ಲೆಕ್ಕವನ್ನು ಮೂವರು ಸಂಶೋಧಕರು ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದರು. ಗಿರಾಕಿಯಾಗಿ ನಿಂತು ಕೇಳಿದಾಗ ಶೇ. 98ರಷ್ಟು ಉತ್ತರಗಳು ಸರಿಯಿದ್ದವು. ಅದೇ ಮಕ್ಕಳಿಗೆ ಅಂಥದೇ ಲೆಕ್ಕವನ್ನು ಬರಿಯ ಅಂಕಿಗಳಲ್ಲಿ ಕೊಟ್ಟಾಗ ಸರಿಯುತ್ತರಗಳು ಶೇ. 37ಕ್ಕೆ ಇಳಿದವು. ಒಂದು ತೆಂಗಿನಕಾಯಿಗೆ 35 ಆದರೆ ಹತ್ತಕ್ಕೆ ಎಷ್ಟು ಎಂದು ಕೇಳಿದರೆ, ಒಬ್ಬ ಹುಡುಗ ಮೂರಕ್ಕೆ 105, ಇನ್ನೂ ಮೂರು ಸೇರಿದರೆ 210 ಎಂದು ಕಟ್ಟುತ್ತಾ ಹೋಗಿ 350 ತಲುಪಿದ. ಶಾಲೆ ಕಲಿಸುವಂತೆ ಪಕ್ಕದಲ್ಲೊಂದು ಸೊನ್ನೆ ಹಾಕುವುದು ಅವನಿಗೆ ಬೇಕಾಗಲೇ ಇಲ್ಲ. ನಿಮ್ಮ ಹುಡುಗನಿಗೂ ಲೆಕ್ಕ ಬರುತ್ತದೆ, ನಿಮ್ಮ ಬರಹ ಬರುವುದಿಲ್ಲ. ಅವನು ಬಾಯಲ್ಲಿ ಹೇಳಿದ್ದನ್ನು ಅವನೆದುರೇ ನೀವು ಬರೆಯಿರಿ. ಕೆಲವು ದಿನಗಳ ನಂತರ ಸುಣ್ಣದ ಕಡ್ಡಿಯನ್ನು ಅವನ ಕೈಗೆ ಕೊಡಿ.

ಸಂಜೆ ತರಗತಿಯ ಶಿಕ್ಷಕಿ: ಮೇಡಂ, ಒಂಬತ್ತು ವರ್ಷದ ಹುಡುಗಿಯೊಬ್ಬಳು ಪ್ರತಿದಿನ ಚೀಲದ ಪಟ್ಟಿಯನ್ನು ಕಾಲಿಗೆ ಸುತ್ತಿಕೊಂಡು ಮೇಜಿನ ಮೇಲೆ ತಲೆಯಿಟ್ಟು ಮಲಗುತ್ತಾಳೆ. ಎಬ್ಬಿಸಬೇಕೆ?

ಹಿರಿಯ ಶಿಕ್ಷಕಿ: ಬೇಡ. ಆ ವಯಸ್ಸಿನ ಮಗುವಿಗೆ ದಿನಕ್ಕೆ 9ರಿಂದ 12 ಗಂಟೆಗಳ ನಿದ್ರೆ ಬೇಕು, ಮತ್ತು ಅವಳು ನಿರ್ಭಯವಾಗಿ ಮಲಗಬಹುದಾದ ಜಾಗ ನಿಮ್ಮ ತರಗತಿಯೊಂದೇ ಇರಬಹುದು. ಚೀಲವನ್ನೂ ಮುಟ್ಟಬೇಡಿ, ಅವಳ ಮನೆ ಇರುವುದು ಅದರಲ್ಲಿಯೇ. ರಾತ್ರಿ ಎಲ್ಲಿ ಮಲಗುತ್ತಾಳೆ, ಜೊತೆಗೆ ಯಾರಿರುತ್ತಾರೆ ಎಂಬುದನ್ನು ಮಾತ್ರ ನಿಧಾನವಾಗಿ ತಿಳಿದುಕೊಳ್ಳಿ.

ಸದಸ್ಯರೊಬ್ಬರು: ಪೋಷಕರೇ ಇಲ್ಲದ ಮಕ್ಕಳಿರುವಾಗ ಪೋಷಕರ ಸಭೆಯನ್ನು ಹೇಗೆ ನಡೆಸಬೇಕು? ನಡೆಸಲೇಬೇಕು ಎಂದು ನಮಗೆ ಆದೇಶವಿದೆ.

ಹೊಸ ಶಿಕ್ಷಕಿ: ಮೇಡಂ, ನಾನು ಈ ಕೆಲಸಕ್ಕೆ ಸೇರಿ ಆರು ವಾರಗಳಾದವು. 11 ವರ್ಷದ ಹುಡುಗನೊಬ್ಬ ಅಂಗಿಯ ತೋಳಿನೊಳಗೆ ಬಟ್ಟೆಯ ತುಂಡೊಂದನ್ನು ಮುದುರಿಟ್ಟುಕೊಂಡು ಆಗಾಗ ಮೂಗಿಗೆ ಹಿಡಿಯುತ್ತಿದ್ದ. ಹತ್ತಿರ ಹೋದಾಗ ಪೇಂಟಿನಂತಹ ವಾಸನೆ ಬಂತು. ನಿನ್ನೆ ನಾನು ಅದನ್ನು ಕಿತ್ತುಕೊಂಡೆ. ಅವನು ಬಾಗಿಲು ದಾಟಿ ಓಡಿದ, ನಾನೂ ಕೂಗುತ್ತಾ ಗೇಟಿನವರೆಗೆ ಹಿಂದೆ ಓಡಿದೆ, ಆದರೆ ಸಿಗಲಿಲ್ಲ. ಇಂದು ಅವನು ಬಂದಿಲ್ಲ. ನಾನು ಮಾಡಿದ್ದು ತಪ್ಪೆ?

ಹಿರಿಯ ಶಿಕ್ಷಕಿ: ಉಳಿದವರು ಸ್ವಲ್ಪ ಕಾಯಬೇಕು, ಇದಕ್ಕೆ ಮೊದಲು ಉತ್ತರಿಸುತ್ತೇನೆ. ತಪ್ಪೇ, ಆದರೆ ಯಾರೂ ನಿಮಗೆ ಮುಂಚಿತವಾಗಿ ಹೇಳಿಕೊಡದೇ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು.

ಥಿನ್ನರ್, ವೈಟ್ನರ್, ಪಂಕ್ಚರ್ ಅಂಟು ಮೊದಲಾದವುಗಳಲ್ಲಿರುವ ಟಾಲುಯೀನ್‌ನಂತಹ ದ್ರಾವಕಗಳನ್ನು ಉಸಿರಿನಲ್ಲಿ ಎಳೆದುಕೊಂಡಾಗ ಭಯವಾದಾಗ, ಓಡಿದಾಗ ದೇಹದಲ್ಲಿ ಉಕ್ಕುವ ಅಡ್ರಿನಲಿನ್ ಎಂಬ ಹಾರ್ಮೋನಿಗೆ ಹೃದಯವು ಅತಿಯಾಗಿ ಸ್ಪಂದಿಸುವ ಸ್ಥಿತಿಗೆ ಬರುತ್ತದೆ. ಆ ಹೊತ್ತಿನಲ್ಲಿ ಮಗು ಬೆಚ್ಚಿದರೆ, ಜಗಳವಾಡಿದರೆ ಅಥವಾ ಓಡಿದರೆ ಬಡಿತದ ಲಯ ತಪ್ಪಿ ಹೃದಯವೇ ನಿಂತುಹೋಗಬಹುದು. ಇದು ನಾನು ಹೆದರಿಸಲು ಹೇಳುವ ಮಾತಲ್ಲ. ಅಮೆರಿಕದಲ್ಲಿ ಹೀಗೆ ದಿಢೀರನೆ ಸತ್ತ 110 ಎಳೆಯರ ವಿವರಗಳನ್ನು ಮಿಲ್ಲರ್ಡ್ ಬಾಸ್ ಎಂಬ ವೈದ್ಯರು 1970ರಲ್ಲಿಯೇ ಪ್ರಕಟಿಸಿದರು. ಹತ್ತನೆಯ ಸಲ ಮೂಸಿದವನಿಗೆ ಆಗುವುದು ಮೊದಲ ಸಲ ಮೂಸಿದವನಿಗೂ ಆಗಬಹುದು. ಆದ್ದರಿಂದ ಕಿತ್ತುಕೊಳ್ಳಬಾರದು, ಕೂಗಬಾರದು, ಬೆನ್ನಟ್ಟಲೇಬಾರದು.

ಇನ್ನೊಮ್ಮೆ ಹಾಗೆ ಕಂಡರೆ ಕಿಟಕಿಗಳನ್ನು ತೆರೆಯಿರಿ, ಹತ್ತಿರ ಬೆಂಕಿಯಿರದಂತೆ ನೋಡಿಕೊಳ್ಳಿ, ಮೆಲುದನಿಯಲ್ಲಿ ಮಾತನಾಡುತ್ತಾ ಅವನನ್ನು ಗಾಳಿಯಾಡುವ ಕಡೆ ಕೂರಿಸಿ, ಬಟ್ಟೆಯನ್ನು ಅವನಾಗಿಯೇ ಕೆಳಗಿಡುವವರೆಗೆ ಕಾಯಿರಿ. ಎಚ್ಚರ ತಪ್ಪಿದರೂ ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ ಆಂಬುಲೆನ್ಸ್ ಕರೆಯಿರಿ. ಉಸಿರು ನಿಂತಿದ್ದರೆ ಆಂಬುಲೆನ್ಸ್ ಕರೆಯಲು ಇನ್ನೊಬ್ಬರಿಗೆ ಹೇಳಿ, ನೀವು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಎದೆ ಒತ್ತಲು ಆರಂಭಿಸಿ. ಇದನ್ನು ಕಲಿತಿರದಿದ್ದರೆ ಈ ವಾರವೇ ಕಲಿಯಿರಿ.

ಅವನು ಏಕೆ ಮೂಸುತ್ತಾನೆ ಎಂಬುದಕ್ಕೆ ಕೆಟ್ಟ ಚಾಳಿ ಎಂಬ ಉತ್ತರ ಸಾಲದು. ಹಸಿವು ಅಡಗುತ್ತದೆ, ಚಳಿ ತಿಳಿಯುವುದಿಲ್ಲ, ರಾತ್ರಿಯ ಭಯ ಸ್ವಲ್ಪ ದೂರ ನಿಲ್ಲುತ್ತದೆ, ಮತ್ತು ಗುಂಪಿನ ದೊಡ್ಡ ಹುಡುಗರು ಅದನ್ನೇ ಮಾಡುತ್ತಿರುತ್ತಾರೆ. ಅಮಲು ಕೆಲವೇ ನಿಮಿಷಗಳಲ್ಲಿ ಇಳಿಯುವುದರಿಂದ ಬಟ್ಟೆ ಮತ್ತೆ ಮತ್ತೆ ಮೂಗಿಗೆ ಹೋಗುತ್ತದೆ. ಅಮಲಿನಲ್ಲಿರುವಾಗ ಬುದ್ಧಿವಾದ ಹೇಳಿದರೆ ಅದು ಗಾಳಿಗೆ ಹೇಳಿದಂತೆ. ಅಮಲಿಲ್ಲದ ದಿನ, ಎದುರಿಗೆ ಕೂರಿಸಿಕೊಳ್ಳದೆ ಪಕ್ಕದಲ್ಲಿ ಕುಳಿತು, ರಾತ್ರಿ ಏನಾಗುತ್ತದೆ ಎಂದು ಕೇಳಿ. ಯಾರಿಗೂ ಹೇಳುವುದಿಲ್ಲ ಎಂಬ ಮಾತನ್ನು ಮಾತ್ರ ಕೊಡಬೇಡಿ. ಅವನಿಗೆ ಯಾರಾದರೂ ಕೇಡು ಮಾಡುತ್ತಿದ್ದರೆ ನೀವು ಅದೇ ದಿನ ಮಕ್ಕಳ ರಕ್ಷಣೆಯ ಅಧಿಕಾರಿಗಳಿಗೆ ತಿಳಿಸಬೇಕಾಗುತ್ತದೆ, ಆಗ ಕೊಟ್ಟ ಮಾತನ್ನು ಮುರಿದವರ ಸಾಲಿನಲ್ಲಿ ಅವನು ನಿಮ್ಮನ್ನೂ ಸೇರಿಸುತ್ತಾನೆ.

ಅವನು ಎಲ್ಲಿರಬಹುದೆಂದು ತಿಳಿದವರು ಇದ್ದರೆ ಇಂದೇ ಕೇಳಿ ನೋಡಿ. ಹಾಗೆಯೇ ನಿಮ್ಮ ತರಗತಿಯ ಕಪಾಟನ್ನು ತೆರೆದು ವೈಟ್ನರ್ ಬಾಟಲಿ ಇದೆಯೇ ಎಂಬುದನ್ನೂ ನೋಡಿ.

ಹೊಸ ಶಿಕ್ಷಕಿ: ಎರಡು ಇದ್ದವು ಮೇಡಂ. ಒಂದು ಖಾಲಿಯಾಗಿದೆ.

ಶುಭಚಿಂತಕ: ನನಗೆ ಬಂದ ಸಂದೇಶವನ್ನು ಎಲ್ಲರ ಉಪಯೋಗಕ್ಕಾಗಿ ಹಾಕುತ್ತಿದ್ದೇನೆ. ಅಂಟು ಮೂಸಿದ ಮಗುವಿಗೆ ತಕ್ಷಣ ಎರಡು ಲೋಟ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರೆ ವಿಷವೆಲ್ಲ ಹೊರಬರುತ್ತದೆ. ತಲೆಯಲ್ಲಿ ಹೇನಿದ್ದರೆ ಸೀಮೆಎಣ್ಣೆ ಹಚ್ಚಿ ಬಟ್ಟೆ ಕಟ್ಟಿದರೆ ಒಂದೇ ದಿನದಲ್ಲಿ ಗುಣವಾಗುತ್ತದೆ.

ಹಿರಿಯ ಶಿಕ್ಷಕಿ: ಇದನ್ನು ಅಳಿಸಿಹಾಕಿ. ಉಸಿರಿನಲ್ಲಿ ಹೋದದ್ದು ಹೊಟ್ಟೆಯಲ್ಲಿ ಇರುವುದಿಲ್ಲ, ವಾಂತಿಯಲ್ಲಿ ಬರುವುದಾದರೂ ಏನು? ಮಂಪರಿನಲ್ಲಿರುವ ಮಗುವಿಗೆ ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು, ಉಪ್ಪುನೀರು ಅತಿಯಾದರೆ ಅದೇ ಪ್ರಾಣಕ್ಕೆ ಮುಳುವಾಗಬಹುದು. ಸೀಮೆಎಣ್ಣೆ ಚರ್ಮವನ್ನು ಸುಡುತ್ತದೆ, ಒಂದು ಕಿಡಿ ತಗುಲಿದರೆ ಮಗುವನ್ನೇ ಸುಡುತ್ತದೆ. ಹೇನಿಗೆ ಶೇ. 1ರ ಪರ್ಮೆಥ್ರಿನ್ ಲೋಷನ್ ಇದೆ. ಹಚ್ಚಿ ಹತ್ತು ನಿಮಿಷಗಳ ನಂತರ ತೊಳೆದು, ಒಂಬತ್ತು ದಿನಗಳ ಆಸುಪಾಸಿನಲ್ಲಿ ಇನ್ನೊಮ್ಮೆ ಹಚ್ಚಬೇಕು. ಒತ್ತಾಯದಿಂದ ತಲೆ ಬೋಳಿಸುವುದನ್ನಂತೂ ಯಾರೂ ಮಾಡಬೇಡಿ.

ಶುಭಚಿಂತಕ: ನಾನು ಒಳ್ಳೆಯ ಉದ್ದೇಶದಿಂದ ಹಾಕಿದೆ. ಸಾವಿರಾರು ಜನ ಹಂಚಿಕೊಂಡಿರುವ ಸಂದೇಶವದು.

ಹಿರಿಯ ಶಿಕ್ಷಕಿ: ಅದೇ ನನ್ನ ಆತಂಕ.

ನಿವೃತ್ತ ಮುಖ್ಯೋಪಾಧ್ಯಾಯ: ಕ್ಷಮಿಸಿ, ಇಲ್ಲಿ ಎಲ್ಲರೂ ಒಂದು ಮಗುವನ್ನೇ ನೋಡುತ್ತಿದ್ದಾರೆ. ಅಮಲಿನಲ್ಲಿ ಬರುವವನನ್ನು ತರಗತಿಯಲ್ಲಿ ಉಳಿಸಿಕೊಂಡರೆ ಉಳಿದ ಮೂವತ್ತು ಮಕ್ಕಳ ಗತಿಯೇನು? ಮೊದಲು ಶಿಸ್ತು, ನಂತರ ಕರುಣೆ.

ಸಂಜೆ ತರಗತಿಯ ಶಿಕ್ಷಕಿ: ಸರ್, ಹೊರಗೆ ಕಳುಹಿಸಿದರೆ ಅವನು ಹೋಗುವುದು ಆ ಅಂಟಿನ ಬಳಿಗೇ ಅಲ್ಲವೆ? ಆ ಮೂವತ್ತು ಮಕ್ಕಳೂ ಅದೇ ಬೀದಿಯಲ್ಲಿ ಮಲಗುವವರು. ತಪ್ಪು ಮಾಡಿದರೆ ತಮ್ಮನ್ನೂ ಹೊರಗೆ ಹಾಕುತ್ತಾರೆ ಎಂಬ ಪಾಠವನ್ನು ಅವರೂ ಕಲಿಯುತ್ತಾರೆ.

ನಿವೃತ್ತ ಮುಖ್ಯೋಪಾಧ್ಯಾಯ: ಅನುಭವವಿಲ್ಲದವರು ಭಾವುಕರಾಗುವುದು ಸಹಜ.

ಸಂಜೆ ತರಗತಿಯ ಶಿಕ್ಷಕಿ: ಅನುಭವವಿದ್ದವರ ಶಾಲೆಗಳಿಂದಲೇ ಇಂತಹ ಮಕ್ಕಳು ಹೊರಬಿದ್ದಿರುವುದು, ಸರ್.

ಗಣಿತ ಶಿಕ್ಷಕ: ದಯವಿಟ್ಟು ಇಬ್ಬರೂ ನಿಲ್ಲಿಸಿ. ಆದರೂ ಸರ್ ಕೇಳಿದ್ದರಲ್ಲಿ ಒಂದು ಅಂಶವಿದೆ: ಬೇರೆ ಮಕ್ಕಳು ಅದನ್ನು ನೋಡಿ ಕಲಿಯುವುದಿಲ್ಲವೆ?

ಹಿರಿಯ ಶಿಕ್ಷಕಿ: ಅವರು ಅದನ್ನು ನಮಗಿಂತ ಮೊದಲೇ ನೋಡಿರುತ್ತಾರೆ. ಇನ್ನೊಬ್ಬ ಶಿಕ್ಷಕರಿದ್ದರೆ ಅವನನ್ನು ಅವರ ಜೊತೆ ಅಂಗಳದಲ್ಲಿ ಕೂರಿಸಿ, ಅಮಲಿಳಿದ ಮೇಲೆ ಒಳಗೆ ಕರೆದುಕೊಳ್ಳಿ. ಅದು ಹೊರಗೆ ಹಾಕಿದಂತಲ್ಲ. ಒಬ್ಬರೇ ಇದ್ದರೆ ಕಷ್ಟವೇ, ಅದನ್ನು ನಾನು ಮುಚ್ಚಿಡುವುದಿಲ್ಲ. ಈ ಚರ್ಚೆಯನ್ನು ಇಲ್ಲಿಗೆ ಬಿಡೋಣ.

ಇನ್ನೊಬ್ಬ ಸದಸ್ಯರು: ಜನನ ಪ್ರಮಾಣಪತ್ರವಿಲ್ಲದ ಮಗುವನ್ನು ಸೇರಿಸಿಕೊಳ್ಳಬಹುದೆ? ಇದನ್ನು ಮೂರನೆಯ ಸಲ ಕೇಳುತ್ತಿದ್ದೇನೆ, ಯಾರೂ ಉತ್ತರಿಸುತ್ತಿಲ್ಲ.

ಹಿರಿಯ ಶಿಕ್ಷಕಿ: ಕಾಗದಕ್ಕಾಗಿ ಕಾಯಿಸಬೇಡಿ, ಕೂರಿಸಿ ಪಾಠ ಆರಂಭಿಸಿ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 28ನೆಯ ವಿಧಿಯು ಪ್ರಾಥಮಿಕ ಶಿಕ್ಷಣವು ಎಲ್ಲ ಮಕ್ಕಳಿಗೂ ಉಚಿತವಾಗಿ ಸಿಗಬೇಕೆನ್ನುತ್ತದೆ. ಬೀದಿಯಲ್ಲಿ ಬದುಕುವ ಮಕ್ಕಳ ಕುರಿತು ಅದರ ಸಮಿತಿ 2017ರಲ್ಲಿ ಹೊರಡಿಸಿದ 21ನೆಯ ಸಾಮಾನ್ಯ ಟಿಪ್ಪಣಿಯು ಜನನ ನೋಂದಣಿ ಆಗುವವರೆಗೆ ತಾತ್ಕಾಲಿಕ ಗುರುತುಚೀಟಿಯಂತಹ ದಾರಿಯನ್ನೂ ತೋರಿಸಿದೆ.

ಇನ್ನೊಬ್ಬ ಸದಸ್ಯರು: ತರಗತಿಯಲ್ಲಿ ಮಲಗುವ ಮಗುವನ್ನು ಎಬ್ಬಿಸಬೇಕೆ ಮೇಡಂ?

ಹಿರಿಯ ಶಿಕ್ಷಕಿ: ಮೇಲೆ ಓದಿ.

ಶುಭಚಿಂತಕ: ಈ ಗುಂಪಿನಲ್ಲಿ ಹಿರಿಯರಿಗೆ ಬೆಲೆಯಿಲ್ಲ. ಆ ಉಪ್ಪುನೀರಿನ ಉಪಾಯವನ್ನು ನನ್ನ ಪರಿಚಿತರೊಬ್ಬರು ಮಾಡಿ ನೋಡಿದ್ದಾರೆ.

ನಿರ್ವಾಹಕರು: ಆ ಸಂದೇಶವನ್ನು ಅಳಿಸಲಾಗಿದೆ. ಮತ್ತೆ ಹಾಕಿದರೆ ನಿಮ್ಮನ್ನು ಗುಂಪಿನಿಂದ ತೆಗೆಯಬೇಕಾಗುತ್ತದೆ.

ಹೊಸ ಶಿಕ್ಷಕಿ: ಮೇಡಂ, ಅವನು ಬಂದಿದ್ದಾನೆ. ಗೇಟಿನ ಹೊರಗೆ ನಿಂತಿದ್ದಾನೆ, ಒಳಗೆ ಬರುತ್ತಿಲ್ಲ. ಕೈಯಲ್ಲಿ ಬಟ್ಟೆ ಕಾಣುತ್ತಿಲ್ಲ. ಏನು ಹೇಳಲಿ?

ಹಿರಿಯ ಶಿಕ್ಷಕಿ: ಹತ್ತಿರ ಹೋಗಬೇಡಿ. ಇರುವಲ್ಲಿಂದಲೇ ನಿನ್ನೆ ಕಿತ್ತುಕೊಂಡದ್ದು ನನ್ನ ತಪ್ಪು ಎಂದು ಹೇಳಿ, ಗೇಟನ್ನು ತೆರೆದಿಟ್ಟು ನಿಮ್ಮ ಪಾಠಕ್ಕೆ ಹಿಂತಿರುಗಿ. ಅವನ ಪುಸ್ತಕ ಅವನ ಜಾಗದಲ್ಲಿಯೇ ಇರಲಿ.

ಸದಸ್ಯರೊಬ್ಬರು: ಪೋಷಕರ ಸಭೆಯ ಬಗ್ಗೆ ನಾನು ಕೇಳಿದ್ದು ಹಾಗೆಯೇ ಉಳಿಯಿತು. ಸಭೆ ನಾಡಿದ್ದೇ ಇದೆ.