ಕೆಚ್ಚಲು ಬಾವಿನ ಲೇಪ: ನಮ್ಮ ಮನೆಯ ಗುಂಪಿನಲ್ಲಿ ನಡೆದ ವಾದ

ಚಿಕ್ಕಪ್ಪ (ಬೇರೆ ಗುಂಪಿನಿಂದ ಬಂದದ್ದು): “250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ ಪುಡಿ, 15 ಗ್ರಾಂ ಸುಣ್ಣ ರುಬ್ಬಿ ಕೆಚ್ಚಲಿಗೆ ದಿನಕ್ಕೆ ಹತ್ತು ಸಲ ಹಚ್ಚಿ. ಯಾವ ಕೆಚ್ಚಲು ಬಾವಾದರೂ ಐದೇ ದಿನದಲ್ಲಿ ಮಾಯ. ಡಾಕ್ಟರು ಬೇಡ, ಇಂಜೆಕ್ಷನ್ ಬೇಡ. ಎಲ್ಲರಿಗೂ ಕಳುಹಿಸಿ.”

ನಾನು: ಚಿಕ್ಕಪ್ಪ, ಅಳತೆ ಸರಿಯಾಗಿಯೇ ಇದೆ. ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯು ಹೈನುಗಾರರಿಗೆ ಹೇಳಿಕೊಡುವ ಲೇಪವೂ ಇದೇ. ಆದರೆ ‘ಯಾವ ಬಾವಾದರೂ’, ‘ಡಾಕ್ಟರು ಬೇಡ’ ಎಂಬ ಎರಡು ಮಾತುಗಳನ್ನು ನಾನು ಒಪ್ಪಲಾರೆ. ದಯವಿಟ್ಟು ಇದನ್ನು ಹೀಗೆಯೇ ಮುಂದಕ್ಕೆ ಕಳುಹಿಸಬೇಡಿ.

ದೊಡ್ಡಪ್ಪ: ನೀನು ಪಶುವೈದ್ಯಳು, ನಿನ್ನ ಮಾತಿಗೆ ಬೆಲೆ ಕೊಡುತ್ತೇನೆ ಮಗಳೇ. ಆದರೆ ನನ್ನ ಕೊಟ್ಟಿಗೆಯಲ್ಲಿ ಆದದ್ದನ್ನೂ ಕೇಳು. ಹೋದ ವರ್ಷ ಒಂದೇ ಹಸುವಿಗೆ ಮೂರು ಸಲ ಮೊಲೆಯೊಳಗೆ ಟ್ಯೂಬ್ ಏರಿಸಿದರು. ಮೂರು ಸಲವೂ ಬೇರೆ ಬೇರೆ ಔಷಧಿ. ಒಮ್ಮೆಯೂ ಹಾಲನ್ನು ಪರೀಕ್ಷೆಗೆ ಕಳುಹಿಸಲಿಲ್ಲ, ಎಷ್ಟು ದಿನ ಆ ಹಾಲನ್ನು ಚೆಲ್ಲಬೇಕೆಂದೂ ಹೇಳಲಿಲ್ಲ. ಆ ಹಾಲು ಕುಡಿದವರ ಹೊಟ್ಟೆಗೆ ಆಂಟಿಬಯೋಟಿಕ್ ಹೋಗಿರಬೇಕಲ್ಲ ಎಂಬ ಸಂಕಟ ನನಗೆ ಇನ್ನೂ ಇದೆ. ಲೋಳೆಸರಕ್ಕೆ ಆ ಭಯವಾದರೂ ಇಲ್ಲ.

ನಾನು: ನಿಮಗೆ ಆದದ್ದು ಅನ್ಯಾಯ ದೊಡ್ಡಪ್ಪ. ಟ್ಯೂಬ್ ಏರಿಸಿದವರು ಹಾಲು ಚೆಲ್ಲಬೇಕಾದ ಅವಧಿಯನ್ನು ಹೇಳಲೇಬೇಕಿತ್ತು. ಆದರೆ ಅಲ್ಲಿ ನಡೆದ ಮೊದಲ ತಪ್ಪು ಯಾವುದು ನೋಡಿ: ಯಾವ ಸೂಕ್ಷ್ಮಜೀವಿ ಎಂದು ತಿಳಿಯದೆ ಔಷಧಿ ಕೊಟ್ಟದ್ದು. ಚಿಕ್ಕಪ್ಪ ಕಳುಹಿಸಿದ ಸಂದೇಶವೂ ಅದೇ ತಪ್ಪನ್ನು ಮಾಡುತ್ತಿದೆ, ಔಷಧಿ ಮಾತ್ರ ಬೇರೆ. ಕೆಚ್ಚಲು ಬಾವು ಎಂಬುದು ಒಂದೇ ರೋಗದ ಹೆಸರಲ್ಲ. ಅದನ್ನು ತರುವ ಸೂಕ್ಷ್ಮಜೀವಿಗಳು ಹಲವು. ಸ್ಟ್ರೆಪ್ಟೊಕಾಕಸ್ ಅಗಲಾಕ್ಷಿಯೆ ಎಂಬುದು ಸಾಮಾನ್ಯವಾಗಿ ಪೆನ್ಸಿಲಿನ್‌ಗೆ ಸುಲಭವಾಗಿ ಬಗ್ಗುತ್ತದೆ, ಸ್ಟ್ಯಾಫಿಲೊಕಾಕಸ್ ಆರಿಯಸ್ ಕೆಚ್ಚಲಿನ ಒಳಗೆ ಸಣ್ಣ ಸಣ್ಣ ಕೀವುಗಂಟು ಕಟ್ಟಿಕೊಂಡು ಅದರೊಳಗೆ ಅಡಗಿ ಕೂರುತ್ತದೆ, ಇ. ಕೋಲಿಯ ಸೌಮ್ಯ ಸೋಂಕನ್ನು ಎಷ್ಟೋ ಸಲ ಹಸುವಿನ ಮೈಯೇ ಕೆಲವು ದಿನಗಳಲ್ಲಿ ತೊಳೆದು ಹಾಕುತ್ತದೆ. ಈ ಮೂರನೆಯದಕ್ಕೆ ಲೇಪ ಹಚ್ಚಿದರೂ ವಾಸಿ, ಹಚ್ಚದಿದ್ದರೂ ವಾಸಿ. ಹೆಸರು ಮಾತ್ರ ಲೇಪಕ್ಕೆ ಬರುತ್ತದೆ.

ಚಿಕ್ಕಪ್ಪ: ಹಾಗಾದರೆ ಲೇಪದಿಂದ ಏನೂ ಆಗುವುದಿಲ್ಲ ಎನ್ನುತ್ತೀಯಾ? ಕಲ್ಲಿನಂತಿದ್ದ ಕೆಚ್ಚಲು ಮೆತ್ತಗಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾನು: ಹಾಗೆ ಹೇಳುತ್ತಿಲ್ಲ. ಅರಿಶಿನಕ್ಕೆ ಉರಿಯೂತವನ್ನು ತಗ್ಗಿಸುವ ಗುಣವಿದೆ, ಲೋಳೆಸರ ಚರ್ಮವನ್ನು ತಂಪಾಗಿಡುತ್ತದೆ, ಹತ್ತು ಸಲ ತೊಳೆದು ಹಚ್ಚುವ ನೆಪದಲ್ಲಿ ಕೆಚ್ಚಲೂ ಚೊಕ್ಕಟವಾಗುತ್ತದೆ, ಮುಟ್ಟಿ ನೋಡುವ ಕೈಗೆ ಹಸುವಿನ ನೋವೂ ತಿಳಿಯುತ್ತದೆ. ಇವೆಲ್ಲ ಸಣ್ಣ ಲಾಭಗಳಲ್ಲ. ಆದರೆ ಬಾವು ಇಳಿದದ್ದು ಬೇರೆ, ಸೋಂಕು ಹೋದದ್ದು ಬೇರೆ. ಪ್ರಯೋಗಾಲಯದ ತಟ್ಟೆಯಲ್ಲಿ ಥೈಮ್ ಎಂಬ ಗಿಡದ ಎಣ್ಣೆಯೂ ಬೆಳ್ಳುಳ್ಳಿಯ ರಸವೂ ಈ ಸೂಕ್ಷ್ಮಜೀವಿಗಳನ್ನು ತಡೆಯುತ್ತವೆ, ನಿಜ. ಆದರೆ ಹಾಲಿನ ಕೊಬ್ಬು ಮತ್ತು ಪ್ರೋಟೀನ್ ಸೇರಿದೊಡನೆ ಸಸ್ಯದ ಎಣ್ಣೆಗಳ ಶಕ್ತಿ ಕುಗ್ಗುತ್ತದೆ. ಹೊರಗೆ ಚರ್ಮಕ್ಕೆ ಹಚ್ಚಿದ್ದು ಒಳಗಿನ ಕೀವುಗಂಟಿನವರೆಗೆ ಬೇಕಾದಷ್ಟು ಪ್ರಮಾಣದಲ್ಲಿ ತಲುಪುತ್ತದೆ ಎಂದು ಹೇಳಲು ನನಗೆ ಧೈರ್ಯವಿಲ್ಲ.

ಅತ್ತೆ: ನಾನು ಇಷ್ಟು ಹೊತ್ತು ಸುಮ್ಮನಿದ್ದೆ. ನಮ್ಮ ಕೆಂಪು ಹಸುವಿಗೆ ಇದೇ ಲೇಪವನ್ನು ಐದು ದಿನ ತಪ್ಪದೆ ಹಚ್ಚಿದೆ. ಬಾವು ಇಳಿಯಿತು, ಹಾಲಿನಲ್ಲಿ ಬರುತ್ತಿದ್ದ ಮೊಸರಿನಂಥ ಗಡ್ಡೆಯೂ ನಿಂತಿತು, ನಾನು ನೆಮ್ಮದಿಯಾದೆ. ಎರಡು ತಿಂಗಳಿಗೆ ಅದೇ ಬಲಗಡೆಯ ಹಿಂದಿನ ಮೊಲೆ ಮತ್ತೆ ಗಟ್ಟಿಯಾಯಿತು. ಮುಂದಿನ ಕರು ಹಾಕುವ ವೇಳೆಗೆ ಆ ಮೊಲೆಯಲ್ಲಿ ಹನಿ ಹಾಲೂ ಉಳಿದಿರಲಿಲ್ಲ. ಇಂದಿಗೂ ಕರು ಆ ಮೊಲೆಗೆ ಬಾಯಿ ಹಾಕಿ ಬಿಟ್ಟುಬಿಡುವಾಗ ನನಗೆ ನೋಡಲು ಆಗುವುದಿಲ್ಲ.

ನಾನು: ಅತ್ತೆ, ಕಣ್ಣಿಗೆ ಹಾಲು ಚೆನ್ನಾಗಿ ಕಂಡರೂ ಸೋಂಕು ಒಳಗೇ ಉಳಿದಿರಬಹುದು. ಆಗ ಹಾಲಿನಲ್ಲಿ ದೈಹಿಕ ಕೋಶಗಳ, ಅಂದರೆ ಹೆಚ್ಚಾಗಿ ಸೋಂಕಿನೊಡನೆ ಹೋರಾಡಲು ಬರುವ ಬಿಳಿ ರಕ್ತಕಣಗಳ, ಎಣಿಕೆ ಏರಿರುತ್ತದೆ. ಒಂದು ಮಿಲಿಲೀಟರಿಗೆ 2 ಲಕ್ಷ ದಾಟಿದರೆ ಆ ಮೊಲೆಯಲ್ಲಿ ಸೋಂಕಿದೆ ಎಂದೇ ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. ಇದನ್ನು ಕೊಟ್ಟಿಗೆಯಲ್ಲಿಯೇ ತಿಳಿಯಬಹುದು. ನಾಲ್ಕು ಬಟ್ಟಲುಗಳ ತಟ್ಟೆಯಲ್ಲಿ ಒಂದೊಂದು ಮೊಲೆಯ ಹಾಲನ್ನು ಬೇರೆ ಬೇರೆಯಾಗಿ ಹಿಂಡಿ, ಅಷ್ಟೇ ಪ್ರಮಾಣದ, ಈ ಪರೀಕ್ಷೆಗೆಂದೇ ಇರುವ ನೇರಳೆ ದ್ರಾವಣ ಸುರಿದು ಹತ್ತು ಸೆಕೆಂಡು ತಿರುಗಿಸಿದರೆ, ಸೋಂಕಿರುವ ಬಟ್ಟಲಿನ ಹಾಲು ಮಾತ್ರ ಲೋಳೆಯಂತೆ ಗಟ್ಟಿಯಾಗಿ ನಡುವಿನಲ್ಲಿ ಗುಡ್ಡೆ ಕಟ್ಟುತ್ತದೆ. ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್ ಎಂಬ ಈ ಪರೀಕ್ಷೆ 1957ರಿಂದಲೂ ಇದೆ.

ಚಿಕ್ಕಪ್ಪ: ಲೇಪ ಒಳಕ್ಕೆ ತಲುಪುವುದಿಲ್ಲವಾದರೆ, ಬೇವಿನ ರಸವನ್ನು ಚೆನ್ನಾಗಿ ಸೋಸಿ ಸಿರಿಂಜಿನಿಂದ ಮೊಲೆಯೊಳಗೇ ಬಿಟ್ಟರೆ ಹೇಗೆ? ನನ್ನ ಗೆಳೆಯರೊಬ್ಬರು ಹಾಗೆ ಮಾಡುತ್ತಾರೆ.

ನಾನು: ಖಂಡಿತ ಬೇಡ ಚಿಕ್ಕಪ್ಪ, ಕೈಮುಗಿದು ಕೇಳುತ್ತೇನೆ. ಮನೆಯಲ್ಲಿ ಸೋಸಿದ ಯಾವ ರಸವೂ ಸೂಕ್ಷ್ಮಜೀವಿರಹಿತವಲ್ಲ. ಯೀಸ್ಟ್, ನೊಕಾರ್ಡಿಯಾ, ಪ್ರೊಟೊಥೀಕಾದಂಥ ಸೂಕ್ಷ್ಮಜೀವಿಗಳು ಒಳಗೆ ಸೇರಿಕೊಂಡರೆ ಆಂಟಿಬಯೋಟಿಕ್ ಟ್ಯೂಬೂ ಕೆಲಸಕ್ಕೆ ಬರುವುದಿಲ್ಲ, ಆ ಮೊಲೆಯ ಆಸೆ ಬಿಡಬೇಕಾಗುತ್ತದೆ. ಇನ್ನೊಂದು ಮಾತು: ಹಸುವಿನ ಮೈ ಸುಡುತ್ತಿದ್ದರೆ, ಮೇವು ಬಿಟ್ಟು ಮಂಕಾಗಿದ್ದರೆ, ಹಾಲು ನೀರಿನಂತೆ ಬರುತ್ತಿದ್ದರೆ, ಕೆಚ್ಚಲು ತಣ್ಣಗಾಗಿ ನೀಲಿಗಟ್ಟುತ್ತಿದ್ದರೆ ಲೇಪ ರುಬ್ಬುತ್ತಾ ಕೂರಬೇಡಿ. ಅಂಥ ಹಸು ಒಂದು ದಿನದೊಳಗೇ ಸಾಯಬಹುದು.

ದೊಡ್ಡಪ್ಪ: ಒಪ್ಪಿದೆ. ಆದರೆ ಆರಂಭದ ಬಾವಿಗೆ, ಹಸು ಲವಲವಿಕೆಯಿಂದ ಮೇಯುತ್ತಿರುವಾಗ, ನಾನು ಲೇಪ ಹಚ್ಚುವುದನ್ನು ಬಿಡುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ.

ನಾನು: ಬಿಡಬೇಡಿ ದೊಡ್ಡಪ್ಪ, ನಾನೂ ಹಚ್ಚಿಸುತ್ತೇನೆ. ಹಚ್ಚುವ ಮೊದಲು ಹಾಲಿನ ಮಾದರಿ ತೆಗೆದಿಡಿ, ಅಷ್ಟೇ ನನ್ನ ಬೇಡಿಕೆ. ಹಾಲು ಕರೆಯುವ ಮುನ್ನ ಸುಣ್ಣದ ಅಂಶ ಉಳಿಯದಂತೆ ತೊಳೆದು ಒರೆಸಿ.

ದೊಡ್ಡಪ್ಪ: ಕಪ್ಪು ಹಸುವಿನ ಮುಂದಿನ ಎಡ ಮೊಲೆಯಲ್ಲಿ ಇವತ್ತು ಬೆಳಿಗ್ಗೆ ಸಣ್ಣ ಗಡ್ಡೆ ಕಂಡಿದೆ. ಮಾದರಿ ತೆಗೆಯುವ ಕ್ರಮವನ್ನು ಬರೆ.

ನಾನು: ಕೈ ತೊಳೆದುಕೊಳ್ಳಿ. ಮೊದಲ ಮೂರು ನಾಲ್ಕು ಧಾರೆಗಳನ್ನು ಬೇರೆ ಪಾತ್ರೆಗೆ ಹಿಂಡಿ ಚೆಲ್ಲಿ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಮೊಲೆಯ ತುದಿಯನ್ನು, ಹತ್ತಿಯಲ್ಲಿ ಕೊಳೆ ಕಾಣದಾಗುವವರೆಗೆ, ಒರೆಸಿ. ನಾನು ಕೊಟ್ಟಿರುವ ಶುದ್ಧ ಸೀಸೆಯನ್ನು ಅಡ್ಡಲಾಗಿ ವಾಲಿಸಿ ಹಿಡಿದು, ಮೊಲೆ ಅದಕ್ಕೆ ತಾಗದಂತೆ ಎರಡು ಧಾರೆ ಹಿಂಡಿ, ಕೂಡಲೇ ಮುಚ್ಚಿ ಐಸಿನಲ್ಲಿಡಿ. ಸಂಜೆ ನಾನೇ ಬಂದು ಒಯ್ಯುತ್ತೇನೆ. ಆಮೇಲೆ ಲೇಪ ಹಚ್ಚಿ.