ಕಿಮೊ ವಾಂತಿಗೆ ಡ್ರೊನಾಬಿನಾಲ್: ಬಳಸಿದವರು ತಿಳಿಸಿ

ಪ್ರಶ್ನೆ, ನ್ಯೂಜೆರ್ಸಿಯಿಂದ: ಅಮ್ಮನಿಗೆ ಕ್ಯಾನ್ಸರ್‌ಗೆ ಸಿಸ್‌ಪ್ಲಾಟಿನ್ ಎಂಬ ಕಿಮೊ ನಡೆಯುತ್ತಿದೆ. ವಾಂತಿ ತಡೆಯುವ ಒಂಡಾನ್ಸೆಟ್ರಾನ್, ಡೆಕ್ಸಾಮೆಥಸೋನ್, ಅಪ್ರೆಪಿಟೆಂಟ್ ಮೂರನ್ನೂ ಕೊಟ್ಟರೂ ಎರಡನೆಯ ದಿನದಿಂದ ಗಂಜಿಯೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಡ್ರೊನಾಬಿನಾಲ್ (ಗಾಂಜಾದಲ್ಲಿರುವ ಟಿಎಚ್‌ಸಿ ಎಂಬ ಅಂಶದ ಮಾತ್ರೆ) ಸೇರಿಸೋಣವೇ ಎಂದು ವೈದ್ಯರು ಕೇಳಿದ್ದಾರೆ. ಅಮ್ಮ ‘ಗಾಂಜಾ ಮಾತ್ರೆ ನನಗೆ ಬೇಡ’ ಎನ್ನುತ್ತಾರೆ. ಏನು ಮಾಡಲಿ?

ಸಿಡ್ನಿಯಿಂದ: ನನ್ನ ಯಜಮಾನರೂ ಹೀಗೆಯೇ ನರಳಿದರು. ಅವರಿಗೆ ಟಿಎಚ್‌ಸಿ, ಗಾಂಜಾದ ಇನ್ನೊಂದು ಅಂಶವಾದ ಸಿಬಿಡಿ ಎರಡೂ ಇರುವ ಕ್ಯಾಪ್ಸೂಲ್ ಕೊಟ್ಟರು, ಹಳೆಯ ಔಷಧಿ ಒಂದನ್ನೂ ನಿಲ್ಲಿಸದೆ. ವಾಕರಿಕೆ ಪೂರ್ತಿ ಹೋಗಲಿಲ್ಲ, ಆದರೆ ನಾಲ್ಕನೆಯ ದಿನ ತಾವಾಗಿ ಮೊಸರನ್ನ ಕೇಳಿದರು. ನನಗೆ ಅಷ್ಟೇ ಸಾಕಿತ್ತು. ಇಲ್ಲಿ ಆಸ್ಟ್ರೇಲಿಯಾದಲ್ಲಿ, ಮಾಮೂಲಿ ಔಷಧಿಗಳಿಗೆ ಬಗ್ಗದ ರೋಗಿಗಳ ಮೇಲೆ ಇದೇ ಜೋಡಿಯನ್ನು ಪರೀಕ್ಷಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ವಾಂತಿಯೂ ಇಲ್ಲದೆ, ಹೆಚ್ಚುವರಿ ಔಷಧಿಯೂ ಬೇಡದೆ ಐದು ದಿನ ಕಳೆದವರು ಶೇ. 24, ಹುಸಿ ಮಾತ್ರೆ ನುಂಗಿದವರಲ್ಲಿ ಶೇ. 8. ನಾಲ್ವರಲ್ಲಿ ಮೂವರಿಗೆ ಪೂರ್ತಿ ಫಲ ಸಿಗಲಿಲ್ಲ ಎಂಬುದನ್ನೂ ಅಮ್ಮನಿಗೆ ಮೊದಲೇ ಹೇಳಿಬಿಡಿ. ಮಂಪರು, ತಲೆಸುತ್ತು ಬರಬಹುದು. ಸ್ನಾನದ ಮನೆಗೆ ಒಬ್ಬರನ್ನೇ ಕಳುಹಿಸಬೇಡಿ.

ಹ್ಯೂಸ್ಟನ್‌ನಿಂದ, ಔಷಧಾಲಯದಲ್ಲಿ ಕೆಲಸ: ತಂಗಿ, ಮೊದಲು ಒಂದು ವಿಷಯ ಕೇಳಿ: ಓಲಾಂಜಪಿನ್ (ಮನೋರೋಗದ ಔಷಧಿ, ವಾಂತಿಗೂ ಕೊಡುತ್ತಾರೆ) ಕೊಟ್ಟು ನೋಡಿದ್ದಾರೆಯೇ? ನೀವು ಬರೆದ ಪಟ್ಟಿಯಲ್ಲಿ ಅದಿಲ್ಲ. ಸಿಸ್‌ಪ್ಲಾಟಿನ್‌ಗೆ ಈಗ ಆ ಮೂರರ ಜೊತೆ ನಾಲ್ಕನೆಯದಾಗಿ ಅದನ್ನೇ ಸೇರಿಸುತ್ತಾರೆ. ಮುಂಬೈಯ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು 10 ಮಿಲಿಗ್ರಾಂ ಬದಲು 2.5 ಮಿಲಿಗ್ರಾಂ ಕೊಟ್ಟರೂ ಸಾಕು, ಹಗಲಿನ ತೂಕಡಿಕೆಯೂ ಕಡಿಮೆ ಎಂದು ತೋರಿಸಿದ್ದಾರೆ. ಅದಕ್ಕೂ ಬಗ್ಗದಿದ್ದರೆ ಡ್ರೊನಾಬಿನಾಲ್. ಎರಡೂ ಒಟ್ಟಿಗೆ ಬಿದ್ದರೆ ಮಂಪರು ಹೆಚ್ಚುತ್ತದೆ, ಎದ್ದು ನಿಂತಾಗ ರಕ್ತದೊತ್ತಡ ಇಳಿಯಬಹುದು. ಅಮ್ಮನಿಗೆ ಹೀಗೆ ಹೇಳಿ: ಡ್ರೊನಾಬಿನಾಲ್ ಸೇದುವ ಸೊಪ್ಪಲ್ಲ, ಪ್ರಯೋಗಾಲಯದಲ್ಲಿ ತಯಾರಾದದ್ದು, 1985ರಿಂದ ಇಲ್ಲಿ ಕಿಮೊ ವಾಂತಿಗೆ ಅನುಮತಿ ಇರುವ ಔಷಧಿ. ಕ್ಯಾಪ್ಸೂಲಿನೊಳಗೆ ಎಳ್ಳೆಣ್ಣೆ ಇರುತ್ತದೆ. ಎಳ್ಳು ಒಗ್ಗದವರಿಗೆ ಕೊಡಬಾರದು.

ಬೆಂಗಳೂರಿನಿಂದ: ಬಂಧುವೊಬ್ಬರ ಮಾತು ಕೇಳಿ ನಾವು ಅಪ್ಪನಿಗೆ ಭಂಗಿ ಅರೆದು ಹಾಲಿನಲ್ಲಿ ಕೊಟ್ಟೆವು. ಎಷ್ಟು ಕೊಟ್ಟೆವೆಂದು ನಮಗೇ ಗೊತ್ತಿರಲಿಲ್ಲ. ರಾತ್ರಿಯಿಡೀ ಹೆದರಿ ನಡುಗಿದರು, ಹಾಸಿಗೆಯಿಂದ ಬಿದ್ದರು. ವೈದ್ಯರಿಗೆ ಹೇಳದೆ ಏನನ್ನೂ ಕೊಡಬೇಡಿ ತಾಯಿ.

ನ್ಯೂಜೆರ್ಸಿಯಿಂದ: ಎಳ್ಳೆಣ್ಣೆ ಎಂದ ಕೂಡಲೇ ಅಮ್ಮ ಸ್ವಲ್ಪ ಮೆತ್ತಗಾದರು. ಓಲಾಂಜಪಿನ್ ಇನ್ನೂ ಕೊಟ್ಟಿಲ್ಲ. ಗುರುವಾರ ಮುಂದಿನ ಡ್ರಿಪ್. ಅದಕ್ಕೂ ಮೊದಲೇ ವೈದ್ಯರನ್ನು ಕೇಳುತ್ತೇನೆ.